ಕಲ್ಪಾಕ್ ಎತ್ತಿದ ಕೈ

ಆರರ ಮುಂದೆ ಎಂಟು.

ಬೆಗಾಯಿಮ್ ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪಿನ ಪರದೆಯನ್ನು ಇನ್ನೊಮ್ಮೆ ನೋಡಿದಳು. ಐದನೇ ಟೇಕ್ ಇತ್ತು, ಆರನೆಯದು ಇತ್ತು. ಅದರ ಮುಂದೆ ಎಂಟು, ಒಂಬತ್ತು. ಏಳನೆಯದನ್ನು ಯಾರೋ ಅಳಿಸಿದ್ದರು.

ಈಗ ಅದು ಉಳಿದಿದ್ದದ್ದು ಅವಳ ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಮಾತ್ರ. ಅವಳದೇ ಸಣ್ಣ ಅಕ್ಷರದಲ್ಲಿ.

'ಟೇಕ್ ಏಳು. ಹನ್ನೊಂದು ನಲವತ್ತು. ಎಸೆನ್ ಬೀಳುತ್ತಾರೆ, ಎಡ ಭುಜ ಮೊದಲು. ತಲೆಯ ಕಲ್ಪಾಕ್ ಕೆಸರಿಗೆ. ಕಟ್ ಹೇಳುವುದು ತಡವಾಗಿದೆ, ಕ್ಯಾಮೆರಾ ಓಡುತ್ತಲೇ ಇದೆ. ಕುಬಾತ್ ಕಲ್ಪಾಕ್ ಎತ್ತಿ, ಮೊಣಕಾಲಿಗೆ ಎರಡು ಸಲ ಬಡಿದು, ಅಂಚು ಒಳಕ್ಕೆ ಮಡಚಿ, ತೊಲೆಯ ಹಿಂದಿನ ಕಬ್ಬಿಣದ ಕೊಂಡಿಗೆ ಸಿಕ್ಕಿಸಿದರು. ಮೇಲೆ ನೋಡಲಿಲ್ಲ.'

ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದಳು. ಎಳೆದಾಗ ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಐದು ವರ್ಷದ ಹಿಂದೆ ಇದೇ ದಿನ, ಬಿಶ್ಕೆಕ್ಕಿನ ಇದೇ ಅಂಡರ್‌ಪಾಸಿನಲ್ಲಿ, ನಾಟಕ ಮುಗಿಸಿ ಮನೆಗೆ ಹೊರಟಿದ್ದ ನಟ ಎಸೆನ್‌ನನ್ನು ಮೂವರು ಹಿಂದಿನಿಂದ ಬಡಿದು ಕೆಡವಿದ್ದರು. ಮೂವರಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. ಇಂದು ಸಂಜೆ ಆರು ಹೊಡೆಯುವುದರೊಳಗೆ ಹೊಸ ಸಾಕ್ಷಿ ಬಾರದಿದ್ದರೆ ಠಾಣೆಯಲ್ಲಿ ಆ ಕಡತ ಮುಚ್ಚುತ್ತದೆ, ಮತ್ತೆಂದೂ ತೆರೆಯುವುದಿಲ್ಲ.

ಈಗ ಮೂರೂಕಾಲು.

"ಏನ್ ತಂಗಿ, ಪರದೆಗೆ ಮೂಗು ತಾಗಿಸ್ಕೊಂಡು ಕೂತಿದ್ದೀಯ? ಅದರಲ್ಲೇನಾದ್ರೂ ಸಮ್ಸಾ ವಾಸನೆ ಬರುತ್ತಾ?"

ಬೆಗಾಯಿಮ್ ಬೆಚ್ಚಿ ತಿರುಗಿದಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಎಲ್ದಿಯಾರ್ ಕಾಲು ಚಾಚಿ ಕೂತು, ಒಲೆಯಿಂದ ಆಗಷ್ಟೇ ತಂದ, ಮಾಂಸ ತುಂಬಿದ ಸಮ್ಸಾದ ತುದಿ ಕಚ್ಚಿ ಆವಿ ಊದುತ್ತಿದ್ದ. ಅವನು ತನಿಖಾಧಿಕಾರಿ. ಎಸೆನ್‌ನ ಕಡತ ಮೊದಲ ದಿನದಿಂದ ಅವನ ಮೇಜಿನಲ್ಲಿತ್ತು. ಆ ದಿನದ ಹಲ್ಲೆಯನ್ನೇ ಎಸೆನ್ ತಾನೇ ನಟಿಸಿ ತೋರಿಸುತ್ತಿದ್ದ ಈ ಕಿರುಚಿತ್ರಕ್ಕೆ ಪೊಲೀಸ್ ಸಲಹೆಗಾರನಾಗಿ ಹದಿನೈದು ದಿನದಿಂದ ತಾಲೀಮಿಗೂ ಬಂದುಹೋಗುತ್ತಿದ್ದವನು, ಇವತ್ತು ಅಂಡರ್‌ಪಾಸ್ ಮುಚ್ಚಿಸುವ ಹೊಣೆ ಹೊತ್ತು ಬೆಳಗಿನಿಂದ ಇಲ್ಲೇ ಇದ್ದ. ಬೇರೆ ಅಧಿಕಾರಿಯಾಗಿದ್ದರೆ ಇಂಥ ಕಡತವನ್ನು ಎಂದೋ ಕಪಾಟಿನ ಮೇಲೆ ಎಸೆದು ಮರೆಯುತ್ತಿದ್ದ. ಇವನು ಯಾರಿಗೂ ಬಿಟ್ಟುಕೊಡದೆ ತಾನೇ ಇಟ್ಟುಕೊಂಡಿದ್ದ, ವರ್ಷಕ್ಕೆರಡು ಸಲ ಎಸೆನ್‌ಗೆ ಫೋನ್ ಮಾಡಿ ಆರೋಗ್ಯ ಕೇಳುತ್ತಿದ್ದ.

"ಏನಿಲ್ಲ ಬಾಯ್ಕೆ," ಎಂದು ಬೆಗಾಯಿಮ್ ಲ್ಯಾಪ್‌ಟಾಪ್ ಮುಚ್ಚಿದಳು. ವಯಸ್ಸಿನಲ್ಲಿ ದೊಡ್ಡವರಾದ ಗಂಡಸರನ್ನೆಲ್ಲ ಬಾಯ್ಕೆ, ಅಂದರೆ ಅಣ್ಣ, ಎಂದು ಕರೆಯುವಾಗಲೂ ಅವಳ ದನಿ ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು.

"ಏನಿಲ್ಲ ಅನ್ನೋರ ಹತ್ರಾನೇ ಏನಾದ್ರೂ ಇರೋದು. ನಮ್ಮ ಕೆಲಸದಲ್ಲಿ ಕಲಿತ ಪಾಠ ಇದೊಂದೇ." ಎಲ್ದಿಯಾರ್ ನಕ್ಕ. "ನೋಡು, ಆರರವರೆಗೂ ನಾನಿಲ್ಲೇ ಇರ್ತೀನಿ. ಸಣ್ಣದೇನಾದ್ರೂ ಸಿಕ್ರೆ ನನ್ನ ಕೈಗೇ ಕೊಡು. ಠಾಣೆವರೆಗೂ ಓಡೋದು ಬೇಡ."

"ಆಗ್ಲಿ ಬಾಯ್ಕೆ."

"ಒಂದು ಸಮ್ಸಾ ತಗೋ. ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀಯ."

ಅವಳು ತಗೊಂಡಳು. ಬೇಡ ಅನ್ನುವುದಕ್ಕೂ ಎರಡು ಮಾತು ಖರ್ಚಾಗುತ್ತದೆ.

ಹೊರಗೆ ಅಕ್ಟೋಬರಿನ ಬಿಸಿಲು ತೆಳ್ಳಗಿತ್ತು. ಪಾಪ್ಲರ್ ಮರಗಳಿಂದ ಎಲೆ ಉದುರಿ ಅಂಡರ್‌ಪಾಸಿನ ಮೆಟ್ಟಿಲುಗಳ ಮೇಲೆ ಹಳದಿ ಹಾಸಿತ್ತು. ಬೆಗಾಯಿಮ್ ಸಮ್ಸಾ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ತಲೆಯಲ್ಲಿ ನಿನ್ನೆಯ ಮಾತು ಓಡುತ್ತಿತ್ತು.

ನಿನ್ನೆ ಅವಳು ಎಸೆನ್‌ನ ತಾಯಿ ಸಾಯ್ರಾ ಅಪಾಳ ಮನೆಗೆ ಹೋಗಿದ್ದಳು. ಉಣ್ಣೆಯನ್ನು ಬಡಿದು ಬಡಿದು ಗಂಟಾದ ಬೆರಳುಗಳ ಮುದುಕಿ. ಮಗನ ಬಿಳಿ ಕಲ್ಪಾಕನ್ನು, ಆ ಉಣ್ಣೆಯ ಎತ್ತರದ ಟೋಪಿಯನ್ನು, ಹೊಲಿದವಳು ಅವಳೇ. ವಿಮಾನ ಹಾರಿಸುವುದು ಕಲಿಯಲೆಂದು ಆಫ್ರಿಕಾದಿಂದ ಬಂದ ಯುವಕನೊಬ್ಬ ಎರಡು ವರ್ಷ ಇದ್ದು ಹೊರಟುಹೋದ ಮೇಲೆ, ಕಪ್ಪು ಮಗುವನ್ನು ಎತ್ತಿಕೊಂಡು ಇದೇ ಊರಿನ ಸಂತೆಯಲ್ಲಿ ನಲವತ್ತು ವರ್ಷ ತಲೆಯೆತ್ತಿ ನಡೆದವಳು.

"ಆಸ್ಪತ್ರೆಯಿಂದ ಬೆಳಿಗ್ಗೇನೇ ಅಲ್ಲಿಗೆ ಹೋದೆ ಮಗಳೇ," ಎಂದಿದ್ದಳು ಅಪಾ. "ಟೋಪಿ ಹುಡುಕೋಕೆ. ಕೆಸರಲ್ಲಿ ಬಿದ್ದಿರುತ್ತೆ ಅಂತ ಹೋದ್ರೆ, ಮೇಲೆ ತೊಲೆ ಹಿಂದೆ ಒಂದು ಕೊಂಡೀಲಿ ತೂಗ್ತಿತ್ತು. ಒರೆಸಿ, ಅಂಚು ಒಳಗೆ ಮಡಚಿ ಇಟ್ಟಿದ್ರು. ನನ್ನ ಮಗನ ಪಕ್ಕೆಲುಬು ಮೂರು ಮುರಿದೋರು, ನಾನು ಹೊಲಿದ ಕಲ್ಪಾಕ್ ಮಾತ್ರ ನೆಲಕ್ಕೆ ಬಿಡಲಿಲ್ಲ."

ಅಪಾ ಇದನ್ನು ಮಗನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಬೆಗಾಯಿಮ್‌ಗೆ ಅದು ವಿಚಿತ್ರವೆನಿಸಲಿಲ್ಲ. ಕಲ್ಪಾಕ್ ನೆಲಕ್ಕೆ ತಾಗಬಾರದು. ಇದು ಯಾರೂ ಕೂರಿಸಿ ಹೇಳಿಕೊಡುವ ಮಾತಲ್ಲ. ತೊಟ್ಟಿಲಲ್ಲೇ ಕೈಗೆ ಬಂದುಬಿಡುತ್ತದೆ. ಇವತ್ತು ಬೆಳಿಗ್ಗೆ ಪ್ರತಿ ಟೇಕಿನಲ್ಲೂ ಎಸೆನ್‌ನ ಕಲ್ಪಾಕ್ ಕೆಸರಿಗೆ ಬಿದ್ದಾಗ ಇಡೀ ತಂಡ ಉಸಿರು ಬಿಗಿಹಿಡಿಯುತ್ತಿತ್ತು. "ಕಟ್ ಅನ್ನೋವರೆಗೂ ಯಾರೂ ಮುಟ್ಟಬಾರದು, ಮುಟ್ಟಿದ್ರೆ ಕೈ ಕತ್ತರಿಸ್ತೀನಿ!" ಎಂದು ನಿರ್ದೇಶಕಿ ಚೋಲ್ಪಾನ್ ಕೂಗುತ್ತಿದ್ದಳು, ಕೂಗುವಾಗ ತಾನೇ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಮತ್ತು ಎಸೆನ್! ಒಂಬತ್ತು ಸಲ ಬಿದ್ದ. ಒಂಬತ್ತು ಸಲವೂ ಅದು ಬೇರೆ ಬೇರೆ ಬೀಳುವಿಕೆ, ಒಂಬತ್ತೂ ನಿಜ. ನಟರು ಬಿದ್ದರೆ ನೆಲವನ್ನು ನೋಡಿಕೊಂಡು ಬೀಳುತ್ತಾರೆ. ಎಸೆನ್ ಮನೆಯ ಬಗ್ಗೆ ಯೋಚಿಸುತ್ತಾ ನಡೆಯುತ್ತಿದ್ದವನು ಬಿದ್ದ ಹಾಗೆ ಬೀಳುತ್ತಿದ್ದ. ಕಟ್ ಎಂದ ಕೂಡಲೇ ಕೆಸರು ಒರೆಸಿಕೊಂಡು ಎದ್ದು, ತನ್ನನ್ನು ಹೊಡೆದವರನ್ನು ಸಂತೈಸಲು ಹೋಗುತ್ತಿದ್ದ. ಹೊಡೆಯುವ ಪಾತ್ರದ ಸಗಿನ್ ಬೊಂಬೆಯಾಟದ ನಟ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಮೊಲವಾಗಿದ್ದವನು. 'ಕರಿಯ' ಎಂಬ ಮಾತು ಅವನ ಬಾಯಿಂದ ಹೊರಡಲೇ ಒಲ್ಲದು.

"ಹೇಳಪ್ಪ ಮೊಲ," ಎಂದು ಎಸೆನ್ ಅವನ ಹೆಗಲು ಹಿಡಿದು ನಗಿಸಿದ್ದ. "ನಾನು ಈ ಮಾತನ್ನ ಬಸ್ಸಿನಲ್ಲಿ, ಸಂತೇಲಿ, ಶಾಲೇಲಿ, ಪುಕ್ಕಟೆಯಾಗಿ ಕೇಳಿದ್ದೀನಿ. ನಿನಗೆ ಅದಕ್ಕೆ ಊಟಾನೂ ಹಾಕ್ತಿದ್ದಾರೆ. ಜೋರಾಗಿ ಹೇಳು."

ಬೆಗಾಯಿಮ್ ಅದನ್ನೂ ಬರೆದುಕೊಂಡಿದ್ದಳು. ಅದು ಕಂಟಿನ್ಯೂಟಿಗೆ ಬೇಕಾದದ್ದಲ್ಲ. ಯಾವ ಟೇಕಿನಲ್ಲಿ ತೋಳು ಎಷ್ಟು ಮಡಚಿತ್ತು, ರಕ್ತದ ಬಣ್ಣ ಕೆನ್ನೆಯ ಮೇಲೆ ಎಲ್ಲಿಯವರೆಗೆ ಇಳಿದಿತ್ತು ಎಂದು ಬರೆಯುವುದಷ್ಟೇ ಅವಳ ಕೆಲಸ. ಆದರೆ ಇಂಥ ಮನುಷ್ಯನ ಬಗ್ಗೆ ಬರೆಯದೆ ಇರುವುದು ಹೇಗೆ?

ಅವಳು ಬಟ್ಟೆಬರೆ ತುಂಬಿದ ಹಳೆಯ ಬಸ್ಸಿನ ಕಡೆ ನಡೆದಳು. ಆರಕ್ಕೆ ಇನ್ನು ಎರಡೂವರೆ ಗಂಟೆ.

ಫೈಟ್ ಮಾಸ್ಟರ್ ಕುಬಾತ್ ಬಸ್ಸಿನೊಳಗೆ ಒಬ್ಬನೇ ಕೂತು, ಶಾಟಿಗೆ ಬೇಕಾದ ದೊಣ್ಣೆಗೆ ರಬ್ಬರ್ ಪಟ್ಟಿ ಸುತ್ತುತ್ತಿದ್ದ. ಈಗಾಗಲೇ ಎರಡು ಸುತ್ತು ಇದ್ದ ದೊಣ್ಣೆಗೆ ಮೂರನೇ ಸುತ್ತು. ಇಪ್ಪತ್ತೆಂಟರ ಗಟ್ಟಿ ಆಳು, ಮುರಿದು ಕೂಡಿದ ಮೂಗು, ಮೆತ್ತನೆಯ ಮಾತು.

"ಕುಬಾತ್ ಬಾಯ್ಕೆ, ಒಂದು ಮಾತು ಕೇಳ್ಲಾ?"

"ಓಹೋ, ನೋಟ್‌ಬುಕ್ಕಿಗೆ ಬಾಯಿ ಬಂತು! ಕೇಳಮ್ಮ. ನಾಲ್ಕು ದಿನಕ್ಕೆ ಇದು ನಿನ್ನ ಮೂರನೇ ಮಾತು."

"ಈ ಅಂಡರ್‌ಪಾಸಿಗೆ ನೀವು ಮುಂಚೆ ಬಂದಿದ್ರಾ?"

"ಇಲ್ವಲ್ಲ. ನಾನು ಊರಿನ ಆ ತುದಿಯವನು. ಬೆಳಿಗ್ಗೇನೇ ಹೇಳಿದ್ನಲ್ಲ."

"ಹೌದು. ಒಂಬತ್ತು ಇಪ್ಪತ್ತಕ್ಕೆ. 'ಇಂಥ ಬಿಲದೊಳಗೆ ನಾನು ಕಾಲೇ ಇಟ್ಟಿಲ್ಲ' ಅಂದ್ರಿ. ಬರ್ಕೊಂಡಿದ್ದೀನಿ."

"ಅದನ್ನೂ ಬರ್ಕೊಂಡ್ಯಾ?" ಕುಬಾತ್ ಜೋರಾಗಿ ನಕ್ಕ. "ನಾನು ಎಷ್ಟು ಸಲ ಸೀನಿದೆ ಅನ್ನೋದೂ ಇದೆಯಾ ಅದರಲ್ಲಿ?"

"ಎರಡು ಸಲ."

ನಗು ಅರ್ಧಕ್ಕೆ ನಿಂತಿತು. ಬೆಗಾಯಿಮ್ ನೋಟ್‌ಬುಕ್ ತೆರೆದಳು. ಅದರ ಮೇಲೆ ಕಣ್ಣಿಟ್ಟರೆ ಮಾತಾಡುವುದು ಸುಲಭ. ಎದುರಿಗಿನ ಮುಖ ನೋಡಬೇಕಾಗಿಲ್ಲ. ಏಳನೇ ಟೇಕಿನ ಬರಹವನ್ನು ಅವಳು ಒಂದೂ ಅಕ್ಷರ ಬಿಡದೆ ಓದಿದಳು.

"ಅದಕ್ಕೇನೀಗ?" ಎಂದ ಕುಬಾತ್. "ಕಲ್ಪಾಕ್ ಬಿದ್ದಿತ್ತು, ಎತ್ತಿದೆ. ನೀನಾಗಿದ್ರೆ ಎತ್ತುತ್ತಿರಲಿಲ್ವಾ?"

"ಎತ್ತುತ್ತಿದ್ದೆ. ನನ್ನ ಕೈಯೂ ಮುಂದೆ ಹೋಗಿತ್ತು."

"ಮತ್ತೆ?"

"ಎತ್ತಿ, ಹತ್ತಿರದ ಕುರ್ಚಿ ಮೇಲೆ ಇಡ್ತಿದ್ದೆ. ಇಲ್ಲ, ಎದೆಗೆ ಒತ್ಕೊಂಡು ನಿಲ್ತಿದ್ದೆ. ಆ ಕೊಂಡಿಗೆ ಹಾಕೋದು ನನಗೆ ಹೊಳೀತಾನೇ ಇರಲಿಲ್ಲ. ಯಾಕಂದ್ರೆ ಅಲ್ಲೊಂದು ಕೊಂಡಿ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ." ಅವಳು ಪುಟ ತಿರುಗಿಸಿದಳು. "ಕ್ಯಾಮೆರಾದ ಮೆದೆರ್ ಬಾಯ್ಕೆಗೂ ಗೊತ್ತಿರಲಿಲ್ಲ. ಹತ್ತು ಗಂಟೆಗೆ ಅವರು ದೀಪ ತೂಗುಹಾಕೋಕೆ ಒಂದು ಮೊಳೆ ಸಿಗುತ್ತಾ ಅಂತ ಬ್ಯಾಟರಿ ಹಿಡ್ಕೊಂಡು ಆ ತೊಲೆಯೆಲ್ಲಾ ಹುಡುಕಿದ್ರು. ಸಿಗಲಿಲ್ಲ. ಅದು ತೊಲೆ ಹಿಂದೆ ಇದೆ. ಕೆಳಗಿಂದ ಕಾಣೋದೇ ಇಲ್ಲ."

ಕುಬಾತ್ ರಬ್ಬರ್ ಪಟ್ಟಿಯನ್ನು ಬಿಗಿದ. ಇನ್ನೂ ಬಿಗಿದ.

"ನೀವು ಮೇಲೆ ನೋಡಲಿಲ್ಲ ಬಾಯ್ಕೆ. ಕೈ ನೇರವಾಗಿ ಹೋಯ್ತು. ಮನೇಲಿ ಕತ್ತಲಲ್ಲಿ ದೀಪದ ಗುಂಡಿಗೆ ಹೋಗುತ್ತಲ್ಲ, ಹಾಗೆ."

ಹೊರಗೆ ಯಾರೋ ಚಹಾಕ್ಕೆ ಕೂಗುತ್ತಿದ್ದರು. ಬೆಗಾಯಿಮ್ ನೋಟ್‌ಬುಕ್ಕಿನಿಂದ ಕಣ್ಣೆತ್ತಲಿಲ್ಲ.

"ಐದು ವರ್ಷದ ಹಿಂದೆ ಎಸೆನ್ ಬಾಯ್ಕೆಯ ಕಲ್ಪಾಕ್ ಅದೇ ಕೊಂಡೀಲಿ ಸಿಕ್ಕಿತು," ಎಂದಳು. "ಹಾಗೇ ಮಡಚಿತ್ತು. ಅದನ್ನ ಅವರ ಅಮ್ಮ ಕಣ್ಣಾರೆ ನೋಡಿದ್ದಾರೆ."

ಕುಬಾತ್ ಈಗ ಎದ್ದು ಅವಳನ್ನು ತಳ್ಳಿ ಹೊರಗೆ ಓಡಬಹುದಿತ್ತು. ನೋಟ್‌ಬುಕ್ ಕಿತ್ತುಕೊಳ್ಳಬಹುದಿತ್ತು. ಅವನು ದೊಣ್ಣೆಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟು ಎರಡೂ ಅಂಗೈ ಮೊಣಕಾಲಿನ ಮೇಲೆ ಚಾಚಿಕೊಂಡು ನೋಡುತ್ತ ಕೂತ. ಆ ಕೈಗಳು ಬೇರೆ ಯಾರದೋ ಎಂಬ ಹಾಗೆ.

"ನನಗೆ ಗೊತ್ತೇ ಆಗಲಿಲ್ಲ," ಎಂದ. "ಇವತ್ತು ಎತ್ತಿದ್ದು, ಹಾಕಿದ್ದು. ನೀನು ಓದಿದ ಮೇಲೆ ಗೊತ್ತಾಯ್ತು."

"ಆವತ್ತು?"

"ಆವತ್ತು ಚೆನ್ನಾಗಿ ಗೊತ್ತಿತ್ತು." ಅವನ ದನಿ ಇಳಿಯಿತು. "ಕುಸ್ತಿ ಕ್ಲಬ್ಬಿಂದ ಮೂವರು ಹೊರಟಿದ್ವಿ. ಯಾರೋ ಹೇಳಿದ್ರು, ನಾಟಕದಲ್ಲಿ ನಮ್ಮ ಖಾನನ ಪಾತ್ರ ಒಬ್ಬ ಕರಿಯನಿಗೆ ಕೊಟ್ಟಿದ್ದಾರೆ, ಬಿಳಿ ಕಲ್ಪಾಕ್ ಹಾಕ್ಕೊಂಡು ನಮ್ಮ ಅಜ್ಜಂದಿರ ಮಾತಾಡ್ತಾನೆ ಅಂತ. ಇಪ್ಪತ್ಮೂರು ವರ್ಷ. ತಲೆ ಅನ್ನೋದು ಟೋಪಿ ಇಡೋಕೆ ಮಾತ್ರ ಇದ್ದ ಕಾಲ. ಹಿಂಬಾಲಿಸಿದ್ವಿ. ನಾನು ಎರಡು ಸಲ ಒದ್ದೆ. ಎರಡೇ, ಆದ್ರೆ ಒದ್ದೆ. ಆಮೇಲೆ ಕಲ್ಪಾಕ್ ಕಣ್ಣಿಗೆ ಬಿತ್ತು."

ಅವನು ಅಂಗೈಗಳನ್ನು ಮಗುಚಿದ.

"ಕಲ್ಪಾಕ್ ಕೆಸರಲ್ಲಿ ಬಿದ್ದಿದ್ದು ನೋಡೋಕಾಗಲಿಲ್ಲ ತಂಗಿ. ಮನುಷ್ಯ ಬಿದ್ದಿದ್ದ, ಅದನ್ನ ನೋಡ್ತಾ ನಿಲ್ಲೋಕಾಯ್ತು. ಕಲ್ಪಾಕ್ ನೋಡೋಕಾಗಲಿಲ್ಲ. ಐದು ವರ್ಷದಿಂದ ಇದೊಂದನ್ನೇ ಯೋಚಿಸ್ತಿದ್ದೀನಿ. ಎಂಥಾ ಕೈ ಇದು ಅಂತ."

"ಮತ್ತೆ ಈ ಸಿನಿಮಾಕ್ಕೆ ಯಾಕೆ ಬಂದ್ರಿ?"

"ಬೇಡ ಅಂದ್ರೆ ಇನ್ನೊಬ್ಬ ಫೈಟ್ ಮಾಸ್ಟರ್ ಬರ್ತಿದ್ದ. ಅವನು ಒಂದು ಸುತ್ತು ರಬ್ಬರ್ ಸುತ್ತಿ ಸಾಕು ಅಂತಿದ್ದ." ಕುಬಾತ್ ದೊಣ್ಣೆಯ ಕಡೆ ನೋಡಿದ. "ಈ ಸಲ ಅವರಿಗೆ ಒಂದು ಏಟೂ ತಾಗಬಾರದು ಅಂತ ಇತ್ತು. ಅಷ್ಟೇ."

ಬೆಗಾಯಿಮ್‌ಗೆ ಅಳು ಬಂತು. ಆಮೇಲೆ ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಮೂರು ಪಕ್ಕೆಲುಬು ಮುರಿದದ್ದು ಇವನದಲ್ಲ.

"ಹಾಗಿದ್ರೆ ಏಳನೇ ಟೇಕ್ ಯಾಕೆ ಅಳಿಸಿದ್ರಿ?"

"ಅಳಿಸೋದಾ?" ಕುಬಾತ್ ತಲೆಯೆತ್ತಿದ. "ಏನದು?"

"ಲ್ಯಾಪ್‌ಟಾಪಿನಲ್ಲಿ ಇಲ್ಲ. ಕ್ಯಾಮೆರಾ ಕಾರ್ಡಿನಲ್ಲೂ ಇಲ್ಲ."

"ಬೆಗಾಯಿಮ್, ನಾನು ಮೂರನೇ ಮಹಡಿಯಿಂದ ಬೀಳೋನು. ಫೋನಿನಲ್ಲಿ ಅಲಾರಂ ಇಡೋಕೆ ನನ್ನ ಹೆಂಡತೀನ ಕರೀತೀನಿ. ಕಾರ್ಡ್ ಅಂದ್ರೆ ಯಾವುದು ಅಂತಾನೂ ಗೊತ್ತಿಲ್ಲ."

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಅಳಿಸಿದವರು ಬೇರೆ ಯಾರೋ. ಆದರೆ ಯೋಚಿಸಲು ಹೊತ್ತಿರಲಿಲ್ಲ. ಅವಳು ನೋಟ್‌ಬುಕ್ಕಿನಿಂದ ಖಾಲಿ ಹಾಳೆಯೊಂದನ್ನು ಹರಿದು ಪೆನ್ನಿನ ಜೊತೆ ಅವನ ಮುಂದಿಟ್ಟಳು.

"ಬರೀರಿ ಬಾಯ್ಕೆ. ಆರು ಗಂಟೆಗೆ ಕಡತ ಮುಚ್ಚುತ್ತೆ."

"ಬರೆದ್ರೆ ನಾನು ಒಳಗೆ ಹೋಗ್ತೀನಿ."

"ಹೌದು."

"ನನ್ನ ಮಗಳಿಗೆ ಎರಡು ವರ್ಷ."

ಬೆಗಾಯಿಮ್ ಪೆನ್ನನ್ನು ಅವನ ಕಡೆ ಇನ್ನಷ್ಟು ಸರಿಸಿದಳು. ಕುಬಾತ್ ಹಾಳೆಯನ್ನು ನೋಡಿದ. ಆಮೇಲೆ ಪೆನ್ನು ಎತ್ತಿಕೊಂಡ. ಶಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿ ನಿಧಾನವಾಗಿ ಬರೆದ. ದಿನಾಂಕ, ಜಾಗ, ಎರಡು ಒದೆ, ಕಲ್ಪಾಕ್. ತನ್ನ ಹೆಸರು, ತಂದೆಯ ಹೆಸರು.

"ಮಿಕ್ಕ ಇಬ್ಬರು?"

"ಒಬ್ಬ ಅಸ್ಕತ್. ಮಾಸ್ಕೋದಲ್ಲಿ ಟ್ಯಾಕ್ಸಿ ಓಡಿಸ್ತಾನೆ." ಕುಬಾತ್‌ನ ತುಟಿ ಸೊಟ್ಟಗಾಯಿತು. "ಅಲ್ಲಿ ಅವನನ್ನೇ ಕರಿಯ ಅಂತಾರಂತೆ. ಹೋದ ಚಳಿಗಾಲ ಮೆಟ್ರೋದಲ್ಲಿ ಹಲ್ಲು ಉದುರಿಸಿದ್ರು."

"ಮೂರನೆಯವರು?"

ಪೆನ್ನು ನಿಂತಿತು.

"ಬರೀರಿ ಬಾಯ್ಕೆ. ಬರೆದ್ರೆ ಈಗಲೇ ಕೊಟ್ಟುಬಿಡ್ತೀನಿ. ಎಲ್ದಿಯಾರ್ ಬಾಯ್ಕೆ ಇಲ್ಲೇ ವ್ಯಾನಲ್ಲಿದ್ದಾರೆ. ಶಾಟ್ ಇಲ್ಲದಾಗೆಲ್ಲ ಅಲ್ಲೇ ಇರ್ತಾರೆ, ಲ್ಯಾಪ್‌ಟಾಪ್ ಪಕ್ಕ..."

ಮಾತು ಅವಳ ಬಾಯಲ್ಲೇ ನಿಂತುಹೋಯಿತು.

ಕುಬಾತ್ ನಕ್ಕ. ಅದು ನಗುವಾಗಿರಲಿಲ್ಲ, ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದಾಗ ಎದೆಯಿಂದ ಹೊರಡುವ ಗಾಳಿ.

"ಅವಳಿಗೆ ಅರ್ಥವಾಯ್ತು, ಕುಬಾತ್," ಎಂದಿತು ಒಂದು ದನಿ. "ಇನ್ನು ಬರಿ."

ಬಸ್ಸಿನ ಕೊನೆಯಲ್ಲಿ ತೂಗುಹಾಕಿದ್ದ ಓವರ್‌ಕೋಟುಗಳು ಸರಿದವು. ಹಿಂದಿನ ಉದ್ದ ಸೀಟಿನಲ್ಲಿ ಎಸೆನ್ ಎದ್ದು ಕೂತ. ಶಾಟುಗಳ ನಡುವೆ ಅವನು ಮಲಗಿ ವಿಶ್ರಾಂತಿ ಪಡೆಯುತ್ತಿದ್ದದ್ದು ಅಲ್ಲೇ ಎಂಬುದು ಬೆಗಾಯಿಮ್‌ಗೆ ಗೊತ್ತಿತ್ತು, ಗಾಬರಿಯಲ್ಲಿ ನೆನಪಾಗಿರಲಿಲ್ಲ. ಕೆನ್ನೆಯ ಮೇಲೆ ಬಣ್ಣದ ರಕ್ತ ಹಾಗೇ ಒಣಗಿತ್ತು. ಕಣ್ಣುಗಳು ಶಾಂತವಾಗಿದ್ದವು.

ಕುಬಾತ್ ಎದ್ದು ನಿಂತ. ಕಾಲು ಹಿಡಿಯಲೋ ಓಡಿಹೋಗಲೋ ಗೊತ್ತಾಗದೆ ಸೀಟಿನ ಕಂಬಿ ಹಿಡಿದುಕೊಂಡ. "ಬಾಯ್ಕೆ... ನಿಮಗೆ ಗೊತ್ತಿತ್ತಾ? ಮೊದಲಿಂದಲೂ?"

"ನಿನ್ನ ವಿಷಯ? ಇಲ್ಲ. ಈಗ ಕೇಳಿದ್ದು." ಎಸೆನ್ ಮುಂದೆ ಬಂದು ಅವನೆದುರಿನ ಸೀಟಿನಲ್ಲಿ ಕೂತ. "ಕತೆಯಲ್ಲಿ ಕಲ್ಪಾಕ್ ಕೆಸರಿಗೆ ಬೀಳಲಿ, ಅಲ್ಲೇ ಬಿದ್ದಿರಲಿ ಅಂತ ಬರೆಸಿದ್ದು ನಾನು. ಚೋಲ್ಪಾನ್ ಒಪ್ಪಲಿಲ್ಲ, ಜಗಳ ಆಡಿ ಬರೆಸಿದೆ. ಆವತ್ತು ಎತ್ತಿದ ಕೈ ಇವತ್ತೂ ಸುಮ್ಮನಿರಲ್ಲ ಅನ್ನಿಸಿತ್ತು. ಬಲೆ ಹೌದು. ಆದ್ರೆ ನಿನಗೆ ಒಡ್ಡಿದ್ದಲ್ಲ."

"ಮತ್ತೆ..."

"ನಾನು ಬಿದ್ದಿದ್ದಾಗ ಒಬ್ಬ ನನ್ನ ಕಿವಿ ಹತ್ರ ಬಗ್ಗಿ, 'ಈ ಟೋಪಿ ನಿನ್ನ ತಲೆಗಲ್ಲ' ಅಂದ. ಮಾರನೇ ದಿನ ಆಸ್ಪತ್ರೆಗೆ ಒಬ್ಬ ಎಳೇ ಅಧಿಕಾರಿ ಬಂದು, 'ಹೇಗಿದ್ದೀರಿ ಬಾಯ್ಕೆ' ಅಂತ ಕೇಳಿದ. ಅದೇ ದನಿ." ಎಸೆನ್ ಹೇಳುವಾಗ ಒಂದೊಂದು ಮಾತಿಗೂ ಅವನ ದನಿ ಬದಲಾಗಿ, ಬಸ್ಸಿನೊಳಗೆ ಎಲ್ದಿಯಾರನೇ ಬಂದು ನಿಂತ ಹಾಗಾಯಿತು. "ದನಿ ಹಿಡಿಯೋದು ನನ್ನ ಹೊಟ್ಟೆಪಾಡು. ತಪ್ಪಲ್ಲ. ಏನೂ ನೆನಪಿಲ್ಲ ಅಂದೆ. ಐದು ವರ್ಷ ಅದನ್ನೇ ಅಂದೆ. ಅವನು ಫೋನ್ ಮಾಡ್ತಿದ್ದದ್ದು ನನ್ನ ಆರೋಗ್ಯಕ್ಕಲ್ಲ, ನನ್ನ ನೆನಪಿಗೆ."

ಐದು ವರ್ಷ! ಬೆಗಾಯಿಮ್ ಅವನನ್ನೇ ನೋಡುತ್ತಾ ನಿಂತಳು. ರಂಗದ ಮೇಲೆ ಎರಡು ಗಂಟೆ ಖಾನನಾಗುವುದನ್ನು ಜನ ಚಪ್ಪಾಳೆ ತಟ್ಟಿ ಮೆಚ್ಚುತ್ತಾರೆ. ಈ ಮನುಷ್ಯ ಐದು ವರ್ಷ, ತನ್ನನ್ನು ಕೊಲ್ಲಲು ಬಂದವನ ಎದುರು, ಮರೆವಿನ ಪಾತ್ರ ಮಾಡಿದ್ದ. ಒಬ್ಬನೇ. ಪ್ರೇಕ್ಷಕರಿಲ್ಲದೆ.

"ಸಲಹೆಗಾರನಾಗಿ ಅವನನ್ನೇ ಕರೆಸು ಅಂತ ಚೋಲ್ಪಾನ್‌ಗೆ ಹೇಳಿದ್ದೂ ನಾನೇ," ಎಂದ ಎಸೆನ್. "ಇವತ್ತು ಒಂಬತ್ತು ಸಲ ಅವನ ಕಾಲ ಬುಡದಲ್ಲಿ ಕಲ್ಪಾಕ್ ಬೀಳಿಸಿದೆ. ಎರಡೂ ಕೈ ಜೇಬಲ್ಲಿಟ್ಕೊಂಡು ನಿಂತಿದ್ದ. ಒಂದು ಸಲವೂ ತೆಗೀಲಿಲ್ಲ. ಬಂದದ್ದು ನಿನ್ನ ಕೈ."

ಕುಬಾತ್ ಮುಖ ಮುಚ್ಚಿಕೊಂಡ.

"ಎಸೆನ್ ಬಾಯ್ಕೆ," ಎಂದಳು ಬೆಗಾಯಿಮ್, "ನಿಮಗೆ ಗೊತ್ತಿದ್ದ ಮೇಲೆ ನೀವೇ ಹೇಳಬಹುದಿತ್ತಲ್ಲ, ಅವನ ಮೇಲಿನವರಿಗೆ?"

"ನಾನು ಹೇಳಿದ್ರೆ ಅದು ಕರಿಯನ ಅನುಮಾನ ಆಗುತ್ತೆ ಮಗಳೇ. ಇವನು ಬರೆದ್ರೆ ಸಾಕ್ಷಿ." ಎಸೆನ್ ಕೆಳಗೆ ಬಿದ್ದಿದ್ದ ಪೆನ್ನನ್ನು ಎತ್ತಿ ಕುಬಾತ್‌ನ ಮುಂದೆ ಹಿಡಿದ. "ನನ್ನ ಸಲುವಾಗಿ ಬರಿ ಅನ್ನಲ್ಲ. ನಿನಗೆ ನಾನು ಕ್ಷಮೆ ಕೊಡ್ತೀನಿ ಅಂತಾನೂ ಅನ್ನಲ್ಲ, ಅದು ನನ್ನ ಹತ್ರ ಇನ್ನೂ ಇಲ್ಲ. ಬರೀತೀಯಾ, ಇಲ್ವಾ?"

ಕುಬಾತ್ ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡ. ಮೂರನೇ ಹೆಸರನ್ನು ಬರೆದ. ಎಲ್ದಿಯಾರ್. ಕೆಳಗೆ ಸಹಿ ಹಾಕಿದ.

ಮೂರು ಐವತ್ತು.

"ಠಾಣೆಯ ಮುಖ್ಯಸ್ಥರ ಕೈಗೇ ಕೊಡಬೇಕು," ಎಂದ ಎಸೆನ್. "ಹಿಂದಿನ ಬೀದಿಯಿಂದ ಹೋಗು ಬೆಗಾಯಿಮ್. ವ್ಯಾನಿನ ಮುಂದೆ ಹಾಯಬೇಡ. ಅವನು ನಿನ್ನನ್ನ ಕಾಣಬಾರದು."

"ನೀವು?"

"ನಾನು ಅವನನ್ನ ಇಲ್ಲೇ ಕಟ್ಟಿಹಾಕ್ತೀನಿ. ಕೊನೇ ಶಾಟ್ ಇದೆಯಲ್ಲ. ಅದು ನಡೀತಿರೋವರೆಗೂ ಅವನು ಅಲ್ಲಾಡೋ ಹಾಗಿಲ್ಲ."

ಬೆಗಾಯಿಮ್ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯೊಳಗೆ ಸೇರಿಸಿದಳು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅದೇ ಹೊರಗಿನಿಂದ ತೆರೆದುಕೊಂಡಿತು.

ಚೋಲ್ಪಾನ್ ನಿಂತಿದ್ದಳು. ಕೊರಳಲ್ಲಿ ಶಾಲು, ಕೈಯಲ್ಲಿ ಕತೆಯ ಹಾಳೆಗಳು, ಮುಖದ ತುಂಬಾ ಗೆಲುವು.

"ಎಲ್ಲಾ ಇಲ್ಲೇ ಅಡಗಿದ್ದೀರಾ? ನಾನಲ್ಲಿ ಎದೆ ಬಡ್ಕೋತಿದ್ದೀನಿ. ನಮ್ಮ ಮೊಲ ಕೈಕೊಟ್ಟ! ನಾಲ್ಕಕ್ಕೆ ಮಕ್ಕಳ ಆಟ ಇದೆ ಅಂತ ಸಗಿನ್ ಕಿವಿ ಹಾಕ್ಕೊಂಡು ಓಡಿಹೋದ. ಬೆಳಕು ಇರೋದು ಇನ್ನು ಒಂದು ಗಂಟೆ."

"ಹಾಗಾದ್ರೆ ಶಾಟ್ ನಾಳೆಗಾ ಎಜೆ?" ಎಂದ ಕುಬಾತ್. ತಂಡದವರಿಗೆಲ್ಲ ಚೋಲ್ಪಾನ್ ಎಜೆ, ಅಂದರೆ ಅಕ್ಕ.

"ನಾಳೆಗೆ ಯಾಕೆ? ಆಯ್ತು, ಪರಿಹಾರ ಆಯ್ತು! ಮುಖವಾಡ ಹಾಕ್ಕೊಂಡು ಒಂದೇ ಒಂದು ಏಟು ಹೊಡೀಬೇಕು, ಅಷ್ಟೇ ತಾನೇ? ಎಲ್ದಿಯಾರ್ ತಾನೇ ಮಾಡ್ತೀನಿ ಅಂದ್ರು. ಪಾಪ, ನಾನು ಕೇಳಿರಲೂ ಇಲ್ಲ. ಈಗಾಗಲೇ ವೇಷ ಹಾಕ್ಕೊಂಡು ಕೆಳಗೆ ನಿಂತಿದ್ದಾರೆ."

ಕುಬಾತ್ ಸೀಟಿನ ಮೇಲೆ ಕೈಯಾಡಿಸಿದ. ಮೂರು ಸುತ್ತು ರಬ್ಬರಿನ ದೊಣ್ಣೆ ಅಲ್ಲೇ ಇತ್ತು.

"ಎಜೆ," ಎಂದ ಮೆಲ್ಲಗೆ, "ಅವರ ಕೈಯಲ್ಲಿರೋದು ಯಾವ ದೊಣ್ಣೆ?"

"ಯಾವುದೋ ಒಂದು, ಅಲ್ಲೇ ಮೂಲೇಲಿತ್ತು." ಚೋಲ್ಪಾನ್ ಹಾಳೆಗಳಿಂದ ಗಾಳಿ ಬೀಸಿಕೊಂಡಳು. "ನಾನಂತೂ ದಂಗಾದೆ ಕಣಯ್ಯ. ಸಗಿನ್‌ಗೆ ನಾಲ್ಕು ದಿನ ಕಲಿಸಿದ್ದೆ. ಇವರಿಗೆ ಹೇಗೆ ಹಿಡೀಬೇಕು, ಎಲ್ಲಿ ನಿಲ್ಲಬೇಕು ಅಂತ ಒಂದು ಮಾತೂ ಹೇಳಿಕೊಡಬೇಕಾಗಲಿಲ್ಲ ನೋಡು!"